ಎರವಲು ತೊಗಲು

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹನ್ನೊಂದು ಕೋಳಿ, ಏಳು ಆಡು, ಒಂದು ಹಳೆಯ ಕೋಟು. ಕೋಟು ಆ ಮನೆಯಾಕೆಯ ಗಂಡನದು. ಆತ ತೀರಿಹೋಗಿ ತಿಂಗಳಾಗಿತ್ತು. ಆಡುಗಳು ಹಾಲಿಗೆ ನಿಲ್ಲುತ್ತಿದ್ದುದು ಆ ಕೋಟಿನ ವಾಸನೆಗೆ. ಹಾಗಾಗಿ ಸಾವಿನ ಮಾರನೆಯ ಬೆಳಿಗ್ಗೆಯೇ ಅದನ್ನು ತೊಟ್ಟು ಕೊಟ್ಟಿಗೆಗೆ ಹೋದವಳು ಮತ್ತೆ ತೆಗೆದಿರಲಿಲ್ಲ. ಬೀದಿಯವರ ಬಾಯಲ್ಲಿ ಕೋಟಿನಮ್ಮ ಆದಳು. ಅತ್ತದ್ದನ್ನು ಯಾರೂ ನೋಡಲಿಲ್ಲ. ಆಗತಾನೇ ಇಟ್ಟ ಮೊಟ್ಟೆಯನ್ನು ಗೂಡಿನಿಂದ ತೆಗೆದರೆ ಅದು ಬೆಚ್ಚಗಿದೆಯೋ ತಣ್ಣಗಿದೆಯೋ ಅವಳ ಕೈಗೆ ತಿಳಿಯುತ್ತಿರಲಿಲ್ಲ. ಬುಟ್ಟಿಗೆ ಹಾಕುತ್ತಿದ್ದಳು, ಅಷ್ಟೆ.

ಒಂದು ಬೆಳಿಗ್ಗೆ ಕಂದು ಆಡು ಮರಿ ಹಾಕಿ ಸತ್ತಿತು. ಮರಿ ಉಳಿಯಿತು. ಮಧ್ಯಾಹ್ನ ಕಪ್ಪು ಆಡಿಗೆ ಹುಟ್ಟಿದ್ದು ಸತ್ತ ಮರಿ. ಕೆಚ್ಚಲು ಮಾತ್ರ ತುಂಬಿ ಬಿಗಿದಿತ್ತು. ತಬ್ಬಲಿ ಬಾಟಲಿಗೆ ಬಾಯಿ ಬಿಡಲೊಲ್ಲದು. ಕಪ್ಪು ಆಡು ಸೇರಿಸಿಕೊಂಡರೆ ಅದಕ್ಕೆ ನಾಳೆ ಉಂಟು, ಇಲ್ಲದಿದ್ದರೆ ಇಲ್ಲ.

ಮೂಸಿದ ಕಪ್ಪು ಆಡು ತನ್ನದೇ ಮರಿಯೆಂದು ನಂಬಲೆಂದು, ಸತ್ತ ಮರಿಯ ಮೈಯ ಲೋಳೆಯನ್ನು ತಬ್ಬಲಿಗೆ ಬಳಿದಿಟ್ಟು ಕೋಟಿನಮ್ಮ ನೀರಿಗೆ ಹೋದಳು. ಬರುವಷ್ಟರಲ್ಲಿ ಜೊತೆಗಿದ್ದ ನಾದಿನಿ ಬಿಸಿನೀರು ಹಾಕಿ, ಸೋಪು ತಿಕ್ಕಿ, ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಕೂತಿದ್ದಳು.

"ಏನೇ ಮಾಡ್ದೆ?"

"ಪಾಪ, ಅಂಟಂಟಾಗಿತ್ತು ಅತ್ತಿಗೆ. ಈಗ ನೋಡಿ, ಮದುಮಗಳ ಥರ ಇದೆ."

"ಈ ಮದುಮಗಳನ್ನ ಮನೆ ತುಂಬಿಸ್ಕೊಳ್ಳೋರು ಬೇಕಲ್ಲ."

ಕಪ್ಪು ಆಡು ಒಮ್ಮೆ ಮೂಸಿ, ಕೊಂಬಿನಿಂದ ಎತ್ತಿ ಗೋಡೆಗೆ ಎಸೆಯಿತು.

ಕೋಟಿನಮ್ಮ ಚಾಕು ತಂದು ಸತ್ತ ಮರಿಯ ತೊಗಲು ಸುಲಿದಳು. ಕಾಲಿಗೆ ತೂತು ಬಿಟ್ಟು, ತಬ್ಬಲಿಗೆ ಅಂಗಿಯ ಹಾಗೆ ತೊಡಿಸಿ, ಹೊಟ್ಟೆಯ ಕೆಳಗೆ ದಾರ ಕಟ್ಟಿದಳು. ಯಾವ ದನದ ಡಾಕ್ಟರೂ ಹೇಳಿಕೊಟ್ಟದ್ದಲ್ಲ. ಗಂಡ ಮಾಡುವುದನ್ನು ಒಮ್ಮೆ ನೋಡಿದ್ದಳು. ಆಡು ಮರಿಯ ಬಾಲದ ಬುಡವನ್ನು ಬಹಳ ಹೊತ್ತು ಮೂಸಿತು. ಆಮೇಲೆ ಗಂಟಲಲ್ಲೇ ಸಣ್ಣಗೆ ಕರೆದು, ಕಾಲು ಅಗಲಿಸಿ ನಿಂತಿತು.

ಮೂರನೆಯ ದಿನಕ್ಕೆ ತೊಗಲು ನಾರಿತು, ನೊಣ ಮುತ್ತಿತು. ಬಿಟ್ಟರೆ ಹುಳು ಬೀಳುತ್ತದೆ. ತೆಗೆದರೆ ಆಡು ಮತ್ತೆ ಎತ್ತಿ ಎಸೆಯಬಹುದು.

"ಇನ್ನೊಂದು ದಿನ ಇರ್ಲಿ ಅತ್ತಿಗೆ."

"ಮೂರು ದಿನದಿಂದ ಅದರ ಹಾಲೇ ಕುಡಿದಿದೆ. ಮೈಯೆಲ್ಲ ಅದರ ವಾಸನೇನೇ ಹಿಡಿದಿರ್ಬೇಕು. ಹಿಡೀದಿದ್ರೆ ಇಲ್ಲ." ದನಿಯಲ್ಲಿ ಏರೂ ಇಲ್ಲ, ಇಳಿವೂ ಇಲ್ಲ.

ದಾರ ಕತ್ತರಿಸಿದಳು. ಮರಿ ನಡುಗುತ್ತ ಆಡಿನ ಕಡೆ ಹೋಯಿತು. ಆಡು ತಲೆ ತಗ್ಗಿಸಿತು. ನಾದಿನಿ ಕಣ್ಣು ಮುಚ್ಚಿಕೊಂಡಳು. ಚಪ್ಪರಿಸುವ ಸದ್ದು ಕೇಳಿ ತೆರೆದರೆ, ಮರಿ ಬಾಲ ಕುಣಿಸುತ್ತ ಕುಡಿಯುತ್ತಿತ್ತು.

ನಾದಿನಿ ಅಲ್ಲೇ ಕುಕ್ಕರಿಸಿ ಅತ್ತಳು. ಅಣ್ಣನದನ್ನೂ ಸೇರಿಸಿ ಅತ್ತಳು. ಕೋಟಿನಮ್ಮ ತೊಗಲನ್ನು ಹಿತ್ತಲಲ್ಲಿ ಹೂತು, ಕೈ ತೊಳೆದು ಬಂದಳು.

"ಈ ಕೋಟೂ ನಾರ್ತಾ ಇದೆ ಅತ್ತಿಗೆ. ಬಿಚ್ಚಿಕೊಡಿ, ಒಗೀತೀನಿ. ಆಡುಗಳು ನಿಮಗೆ ಹೊಂದ್ಕೊಂಡಿವೆ. ಕೋಟಿಲ್ದಿದ್ರೂ ನಿಲ್ತವೆ."

"ನಿಲ್ತವೆ ಕಣೇ. ಗೊತ್ತು."

ಮೇಲಿನ ಗುಂಡಿ ಬಿಚ್ಚಿದಳು. ಎರಡನೆಯದರ ಮೇಲೆ ಬೆರಳು ನಿಂತವು. ಬಿಚ್ಚಿದ್ದನ್ನೂ ಮತ್ತೆ ಹಾಕಿಕೊಂಡಳು.

"ನಿನ್ನ ಸೋಪು ಇನ್ನಷ್ಟು ದಿನ ದೂರ ಇರ್ಲಿ," ಎಂದು ಮೊಟ್ಟೆಯ ಬುಟ್ಟಿ ತೆಗೆದುಕೊಂಡು ಕೋಳಿಗೂಡಿನ ಕಡೆ ಹೋದಳು.