ಭಾನುವಾರದ ಎಣ್ಣೆ ಪರೀಕ್ಷೆ

ನನ್ನ ಮೋಟಾರ್ ಸೈಕಲ್ಲಿಗೆ ವಾರಕ್ಕೊಮ್ಮೆ ಆರೋಗ್ಯ ವಿಚಾರಿಸುವವರು ಸಿಗುವ ಯೋಗವಿತ್ತು, ನನಗಿರಲಿಲ್ಲ. ಭಾನುವಾರ ನಾನು ಹಲ್ಲುಜ್ಜುವ ಮೊದಲೇ ನನ್ನ ಮಾವ ಗುಮ್ಮಳಾಪುರದಿಂದ ಬಸ್ಸು ಹತ್ತಿ ಹೊಸೂರಿಗೆ ಬಂದುಬಿಡುತ್ತಿದ್ದರು. ಆಲಸನತ್ತಂನ ನಮ್ಮ ಬಾಡಿಗೆ ಮನೆಯ ಗೇಟು ತೆಗೆದವರು ಒಳಗೆ ಬರದೆ ಗಾಡಿಯ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಗಳು ಹೇಗಿದ್ದಾಳೆಂದು ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಎಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂಬುದೊಂದೇ ಚಿಂತೆ.

ಗಾಡಿ ಮೊದಲು ಅವರದೇ. ವರ್ಷಗಟ್ಟಲೆ ಅದರ ಮೇಲೆ ಟೊಮೇಟೊ ಹೇರಿಕೊಂಡು ಮಾರ್ಕೆಟ್ಟಿಗೆ ಓಡಾಡಿ, ಮೊಣಕಾಲು ಸೋತಾಗ ನನಗೆ ಕೊಟ್ಟರು. ಕೊಟ್ಟರು ಎನ್ನುವುದು ಊರವರ ಮಾತು. ಹಸುವನ್ನು ಬಿಟ್ಟಂತೆ ಮೇಯಿಸಲು ಬಿಟ್ಟರು ಎನ್ನುವುದೇ ಸರಿ.

ಎಣ್ಣೆ ನೋಡುವುದೇನು ಮಹಾವಿದ್ಯೆಯಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಮುಚ್ಚಳಕ್ಕೆ ಅಂಟಿಕೊಂಡಿರುವ ಅಳತೆ ಕಡ್ಡಿಯನ್ನು ಒರೆಸಿ, ಅದ್ದಿ, ಎತ್ತಿ ನೋಡಬೇಕು. ಎರಡು ಗೀಟುಗಳ ನಡುವೆ ಎಣ್ಣೆಯಿದ್ದರೆ ಎದ್ದು ಹೋಗಿ ಕಾಫಿ ಕುಡಿಯಬೇಕು. ಆದರೆ ಸ್ಟ್ಯಾಂಡ್ ಹಾಕಲು ಮಾವನ ಮೊಣಕಾಲು ಬಿಡದು. ಅಳಿಯನ ಕೈಲಿ ಹಾಕಿಸಲು ಮರ್ಯಾದೆ ಬಿಡದು. ಹಾಗಾಗಿ ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ವಾಲಿ ನಿಂತ ಗಾಡಿಯನ್ನು ಹಾಗೆಯೇ ನೋಡುವರು. ಕಡ್ಡಿ ಇರುವುದು ಬಲಕ್ಕೆ, ಎಣ್ಣೆ ಸರಿಯುವುದು ಎಡಕ್ಕೆ. ಜೀವಮಾನವೆಲ್ಲ ಹೊಲಕ್ಕೆ ನೀರು ಕಟ್ಟಿದ ಮನುಷ್ಯನಿಗೆ, ನೀರು ತಗ್ಗಿಗೆ ಹರಿಯುತ್ತದೆ ಎಂದು ನಾನು ಪಾಠ ಹೇಳಲೇ? "ಒಣಗೋಗದಲ್ಲ ಅಳಿಯಂದ್ರೆ" ಎಂದು ನಿಟ್ಟುಸಿರಿಟ್ಟು ಚೀಲದಿಂದ ಡಬ್ಬಿ ತೆಗೆಯುತ್ತಿದ್ದರು.

ಸುರಿಯುವ ರೀತಿಯೋ, ಒಬ್ಬಟ್ಟಿಗೆ ತುಪ್ಪ ಬಡಿಸುವ ರೀತಿ. ನಮ್ಮ ಕಡೆ ಅಳಿಯ ಎಲೆಗೆ ಕೈ ಅಡ್ಡ ಹಿಡಿದರೆ ಬೇಡವೆಂದಲ್ಲ, ಸಂಕೋಚವೆಂದು ಅರ್ಥ. ನಾನು "ಸಾಕು ಮಾವ" ಎಂದಷ್ಟೂ ಇನ್ನೊಂದು ಧಾರೆ ಬೀಳುತ್ತಿತ್ತು. ಇಷ್ಟು ಉಪಚಾರ ಕಂಡ ಎಂಜಿನ್ ಸೋಮವಾರ ಬಾಗಲೂರು ರಸ್ತೆಯುದ್ದಕ್ಕೂ ಬಿಳಿ ಹೊಗೆ ತೇಗುತ್ತಿತ್ತು. ಹೆಚ್ಚಿನ ಎಣ್ಣೆ ಬಸಿಯುತ್ತಾ ಮೆಕ್ಯಾನಿಕ್ ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಯಾರ್ ಸಾರ್ ಇವ್ಳೋ, ಇಷ್ಟೊಂದು ಆಯಿಲ್ ಹಾಕಿದ್ದು? ಹಿಂಗೇ ಆದ್ರೆ ಎಂಜಿನ್ ಹೋಗ್ಬುಡ್ತದೆ" ಎನ್ನುತ್ತಿದ್ದ. ಮಾವನ ಹೆಸರು ಹೇಳಲಾಗದೆ ನಾನು ಆಕಾಶ ನೋಡುತ್ತಿದ್ದೆ.

ಒಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. "ಇನ್ಮೇಲೆ ನೀವು ಎಣ್ಣೆ ನೋಡೋದು ಬೇಡ ಮಾವ, ಮೆಕ್ಯಾನಿಕ್ ನೋಡ್ಕೋತಾನೆ" ಎಂದುಬಿಟ್ಟೆ. ಅವರು ಕಡ್ಡಿ ಒರೆಸಿ, ಮುಚ್ಚಳ ತಿರುಗಿಸಿ, "ಸರಿ ಬುಡಿ" ಎಂದು ಕಾಫಿ ಕುಡಿದು ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನನಗೆ ನಿರಾಳ, ಗಾಡಿಗೂ ನಿರಾಳ. ಆದರೆ ಹೆಂಡತಿ ಸುಜಾತ ಗೇಟು ಸದ್ದಾದಾಗಲೆಲ್ಲ ಇಣುಕಿ ನೋಡಿ, ಕೊನೆಗೆ ನನ್ನ ಮೇಲೆ ಸಿಡುಕಿದಳು.

"ಕೊಟ್ಟ ಹೆಣ್ಣಿನ ಮನೆಗೆ ಕೆಲ್ಸ ಇಲ್ದೆ ಹೋಗ್ಬಾರ್ದು ಅಂತಾರೆ ನಮ್ಮಪ್ಪ. ಇದ್ದ ಒಂದು ಕೆಲ್ಸಾನೂ ನೀವು ಕಿತ್ಕೊಂಡ್ರಿ."

ನನಗೆ ಇನ್ನೂ ರೇಗಿತು. ಮಗಳನ್ನು ನೋಡಬೇಕೆನಿಸಿದರೆ ಬಂದು ನೋಡಬಾರದೆ? ಅದಕ್ಕೆ ನನ್ನ ಎಂಜಿನ್ ಏಕೆ ಸಾಯಬೇಕು? ಈ ಪ್ರಶ್ನೆಗಳನ್ನೆಲ್ಲ ಗೋಡೆಗೆ ಕೇಳಿ ಮುಗಿಸಿ, ಹೊಸದಾಗಿ ಕೊಂಡ ಮೊಬೈಲಿನಿಂದ ಊರಿಗೆ ಫೋನು ಮಾಡಿದೆ. "ಮಾವ, ಎಣ್ಣೆ ಯಾಕೋ ಕಮ್ಮಿ ಆದಂಗದೆ. ಮೆಕ್ಯಾನಿಕ್‌ಗೂ ತಿಳೀತಿಲ್ಲ."

ಭಾನುವಾರ ಬಂದರು. ಅವರು ಬರುವ ಮೊದಲೇ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದೆ. ಕಡ್ಡಿ ಎತ್ತಿದರು. ಎಣ್ಣೆ ಮೇಲಿನ ಗೀಟಿಗೆ ಸರಿಯಾಗಿತ್ತು. ಕಡ್ಡಿಯನ್ನು ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಸುಜಾತ ಕಾಫಿ ಹಿಡಿದು ಬಾಗಿಲಿಗೆ ಬಂದಳು. ಮಾವ ಅವಳತ್ತ ತಿರುಗಿ ನೋಡಿ, ಕಡ್ಡಿಯನ್ನು ಇನ್ನೊಮ್ಮೆ ಒರೆಸಿದರು.

"ಸರಿಯಾಗೇ ಅದೆ ಅಳಿಯಂದ್ರೆ" ಎಂದು ಮುಚ್ಚಳ ಬಿಗಿದರು. "ಆದ್ರೂ ಹಳೇ ಗಾಡಿ, ನಂಬಕಾಗಲ್ಲ. ಬರೋ ವಾರಾನೂ ಬತ್ತೀನಿ."