ತೂಕದ ಕಲ್ಲು, ಮ್ಯೂಆನ್ ಮತ್ತು ಕುಂಕುಮ

ಮೊನ್ನೆ ಮುಧೋಳದಲ್ಲಿ ನಮ್ಮ ಡಿಟೆಕ್ಟರಿಗೆ ಯಾರೋ ಕುಂಕುಮ ಹಚ್ಚಿದ್ದರು! ಅದನ್ನು ನೋಡುವ ತನಕ ನಾನು ನನ್ನ ವಿದ್ಯಾರ್ಥಿನಿ ಸವಿತಾಳನ್ನು ಎರಡು ದಿನ ಬೈದಿದ್ದೆ.

ಸವಿತಾ ಲೋಕಾಪುರದವಳು. ಎಂ.ಎಸ್ಸಿ. ಕೊನೆಯ ವರ್ಷ. ಸೋಮವಾರ ಪ್ರಾಜೆಕ್ಟ್ ಒಪ್ಪಿಸದಿದ್ದರೆ ಒಂದು ವರ್ಷ ಹಾಳು. ಆಕಾಶದಿಂದ ಮ್ಯೂಆನ್ ಎಂಬ ಕಣಗಳು ಸದಾ ಸುರಿಯುತ್ತಿರುತ್ತವೆ. (ಈಗಷ್ಟೇ ನಿಮ್ಮ ತಲೆಯೊಳಗಿಂದಲೂ ಹಾದುಹೋದವು, ಗಾಬರಿ ಬೇಡ.) ಅವುಗಳ ಸಂವೇಗ, ಅಂದರೆ ನುಗ್ಗುವ ಜೋರು, ಅಳೆಯುವುದು ಅವಳ ಕೆಲಸ. ಉಪಾಯ ಸರಳ. ಚೀಲದಲ್ಲಿ ಹಿಡಿಸುವ, ಕಣ ಎಣಿಸುವ ಎರಡು ಡಿಟೆಕ್ಟರ್ ಡಬ್ಬಿ. ಒಂದು ಮೇಲೆ, ಒಂದು ಕೆಳಗೆ, ನಡುವೆ ಕಬ್ಬಿಣ. ಎರಡನ್ನೂ ದಾಟಿದ ಕಣವಷ್ಟೇ ಲೆಕ್ಕಕ್ಕೆ. ಜೋರಿಲ್ಲದವು ಕಬ್ಬಿಣದಲ್ಲೇ ನಿಲ್ಲುತ್ತವೆ, ಲೆಕ್ಕ ಇಳಿಯುತ್ತದೆ.

ಅಷ್ಟು ಕಬ್ಬಿಣ ಎಲ್ಲಿ ಸಿಗಬೇಕು? ಮುಧೋಳದ ಬೆಲ್ಲದ ಅಡತಿ ಅಂಗಡಿಯಲ್ಲಿ! ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಅಲ್ಲಿನ ಹಳೆಯ ಕಬ್ಬಿಣದ ತೂಕದ ಕಲ್ಲುಗಳು ಮೂಲೆ ಹಿಡಿದಿದ್ದವು. ಮಾಲೀಕ ಬಸಪ್ಪ ಕಾಕಾ ಖುಷಿಯಿಂದ ಕೊಟ್ಟರು. ಸವಿತಾ ಬೆಂಚಿನ ಮೇಲೆ ಕಲ್ಲು ಒಟ್ಟಿದಳು. ಒಂದು ಡಬ್ಬಿ ಬೆಂಚಿನ ಕೆಳಗೆ, ಇನ್ನೊಂದು ಕಲ್ಲಿನ ಮೇಲೆ. ಇಟ್ಟು ಊರಿಗೆ ಹೋದಳು. ಲೆಕ್ಕ ನಮ್ಮಿಬ್ಬರ ಫೋನಿಗೂ ಬರುತ್ತಿತ್ತು.

ಬಂದದ್ದೇನು? ಕಬ್ಬಿಣವಿಲ್ಲದಾಗ ಬಂದದ್ದಕ್ಕಿಂತ ಇಳಿಯಬೇಕಾದ ಲೆಕ್ಕ ಏರಿತ್ತು!

"ವೈರ್ ಉಲ್ಟಾ ಹಚ್ಚೀದಿ ನೀ," ಎಂದೆ ಫೋನಿನಲ್ಲಿ.

"ಇಲ್ರಿ ಮೇಡಂ, ಸರಿ ಹಚ್ಚೇನ್ರಿ. ನಾ ಒಬ್ಬಾಕಿ ನೋಡಿ ಹೇಳಿದ್ರ ನಂಬೂದಿಲ್ರಿ ನೀವು, ಒಮ್ಮೆ ಅಂಗಡಿಗೆ ಬಂದ್ ನೋಡ್ರಿ."

"ನೋಡೂದೇನೈತಿ? ಜಮಖಂಡಿ ಕಾಲೇಜಿನಾಗ ಕುಂತ ಹೇಳತೀನಿ, ತಪ್ಪು ನಿಂದ!"

(ಇಪ್ಪತ್ತು ವರ್ಷದ ಪಾಠದ ಗತ್ತು ನೋಡಿ.) ಅವಳು ಅತ್ತಳು. ಆದರೂ ಫೋನ್ ಬಿಡಲಿಲ್ಲ. ಬಂದ್ ನೋಡ್ರಿ, ಬಂದ್ ನೋಡ್ರಿ. ಕೊನೆಗೆ ಅವಳ ತಪ್ಪು ತೋರಿಸಲೆಂದೇ ಬಸ್ ಹತ್ತಿದೆ; ಅವಳೂ ಲೋಕಾಪುರದಿಂದ ಬಂದಳು.

ನೋಡಿದರೆ ಎರಡೂ ಡಬ್ಬಿ ಕಲ್ಲಿನ ಮೇಲೆ, ಒಂದರ ಮೇಲೊಂದು, ಕುಂಕುಮ ಹೂವಿನ ಸಮೇತ! ನಡುವೆ ಕಬ್ಬಿಣವೇ ಇಲ್ಲ. ಡಬ್ಬಿಗಳು ಹತ್ತಿರವಾದವು, ಎರಡನ್ನೂ ದಾಟುವ ಕಣ ಹೆಚ್ಚಾದವು, ಅಷ್ಟೇ.

"ನಾನ ಎತ್ತಿಟ್ಟೇನ್ರಿ," ಎಂದರು ಕಾಕಾ, ಎದೆಯುಬ್ಬಿಸಿ. "ವಿದ್ಯಾದ ಮಶಿನ್ ಐತಿ. ಕಾಲಾಗ ಇಡಬಾರದ್ರಿ ಮೇಡಂ."

ಆ ಹುಡುಗಿಯ ಓದಿಗೆ ನನಗಿಂತ ಹೆಚ್ಚು ಮರ್ಯಾದೆ ಕೊಟ್ಟವರು ಅವರೇ. ಕಾಕಾನ ಸಮಾಧಾನಕ್ಕೆ ಸವಿತಾ ಬೆಂಚಿನ ಕೆಳಗೆ ಒಂದು ಮಣೆ ಹಾಕಿ, ಒಂದು ಡಬ್ಬಿಯನ್ನು ಮತ್ತೆ ಅದರ ಮೇಲಿಟ್ಟಳು. ಲೆಕ್ಕ ಇಳಿಯಿತು. ಸೋಮವಾರ ಪ್ರಾಜೆಕ್ಟ್ ಒಪ್ಪಿಸಿದ್ದೂ ಆಯಿತು.

"ತಪ್ಪು ನಂದವಾ," ಎಂದೆ. "ಇರ್ಲಿ ಬಿಡ್ರಿ ಮೇಡಂ," ಎಂದು ನಕ್ಕಳು. ನಾಚಿಕೆಯಾಯಿತು.

ಜೋರಿರುವ ಮ್ಯೂಆನ್ ಅಷ್ಟೂ ಕಬ್ಬಿಣವನ್ನು ಕಣ್ಣು ಮಿಟುಕಿಸುವುದರೊಳಗೆ ದಾಟುತ್ತದೆ. ಒಬ್ಬ ಹುಡುಗಿಯ "ಬಂದ್ ನೋಡ್ರಿ" ನನ್ನ ತಲೆಯೊಳಗೆ ಇಳಿಯಲು ಎರಡು ದಿನ ಹಿಡಿಯಿತಲ್ಲ, ಯಾವುದು ಗಟ್ಟಿ, ಕಬ್ಬಿಣವೋ ನನ್ನ ತಲೆಯೋ?