ನೆಲದ ಮೇಲೆ ಬರೆದ ಅ

ನಾನು ಚಿಕ್ಕವಳಿದ್ದಾಗ ಕೂತಲ್ಲಿ ಕೂರುತ್ತಿರಲಿಲ್ಲ, ಮಕ್ಕಳೇ. ಮುಂಬಯಿಯ ಅಂಧೇರಿಯ ಚಾಳಿನಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಓಡಾಡಲು ಜಾಗವಾದರೂ ಎಲ್ಲಿ? ಆದರೂ ಒಲೆಗೂ ಬಾಗಿಲಿಗೂ ನಡುವೆ ತಿರುಗುತ್ತಲೇ ಇರುತ್ತಿದ್ದೆ. "ನಾಯಿಗೆ ಕೆಲಸ ಇಲ್ಲ, ಕೂರ್ಲಿಕ್ಕೆ ಪುರುಸೊತ್ತಿಲ್ಲ" ಎಂದು ಅಕ್ಕ ಕೆಣಕುತ್ತಿದ್ದಳು. ಅಲ್ಲಿಯ ಕನ್ನಡ ಶಾಲೆಯಲ್ಲೂ ಅದೇ ಕಥೆ. ನಾಲ್ಕನೇ ಕ್ಲಾಸಿನಲ್ಲಿ ಟೀಚರಿಗೆ ಸಾಕುಸಾಕಾಗಿ, ಅಪ್ಪನನ್ನು ಕರೆದುಕೊಂಡು ಬಾ ಎಂದುಬಿಟ್ಟರು.

ಅಪ್ಪ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿಗೆ ಕಾವಲಿ ಕಾಯುವವರೆಗೆ ಮಾತ್ರ ಅವರಿಗೆ ಬಿಡುವು. "ನಾಳೆ ಬರ್ತೇನೆ. ಟೀಚರ್ ಬೇಡ ಅಂದ್ರೆ ನೀನು ಊರಿಗೆ, ಅಜ್ಜಿ ಹತ್ರ" ಎಂದರು. ಅಪ್ಪ ಸುಮ್ಮನೆ ಹೆದರಿಸುವವರಲ್ಲ. ಅಮ್ಮನನ್ನೂ ಅಕ್ಕನನ್ನೂ ಬಿಟ್ಟು ಹೋಗಬೇಕಲ್ಲ ಎಂದು ಆ ರಾತ್ರಿ ಅಕ್ಕನ ಕೈ ಹಿಡಿದುಕೊಂಡೇ ಮಲಗಿದೆ.

ಮರುದಿನ ಒಂದನೇ ಕ್ಲಾಸಿನ ಟೀಚರ್ ರಜೆ ಹಾಕಿದ್ದರು. ಆ ಮಕ್ಕಳನ್ನೂ ನಮ್ಮ ಕೋಣೆಗೇ ತಂದು ಕೂರಿಸಿದ್ದರು. ಲೋಕಲ್ ರೈಲು ಹೋದಾಗಲೆಲ್ಲ ಕಿಟಕಿಯ ಸರಳು ನಡುಗುತ್ತಿತ್ತು. ಒಳಗೆ ಬೆವರು, ಸೀಮೆಸುಣ್ಣದ ಹುಡಿ, ಯಾರದೋ ಡಬ್ಬಿಯ ಒಣಮೀನಿನ ವಾಸನೆ. ನಾನು ಬಾಗಿಲು ನೋಡುವುದು, ಏಳುವುದು, ಬೈಸಿಕೊಳ್ಳುವುದು. ಅಷ್ಟರಲ್ಲಿ ಸಣ್ಣವರಲ್ಲೊಬ್ಬ ಅಳಲು ಶುರುಮಾಡಿದ, ಉಳಿದವರೂ ದನಿಗೂಡಿಸಿದರು.

"ನಿನಗೆ ಹೇಗೂ ಕೂರ್ಲಿಕ್ಕೆ ಆಗುದಿಲ್ಲ. ಹೋಗಿ ಅವರಿಗೆ ಅ ಆ ಹೇಳಿಕೊಡು ಮಾರಾಯ್ತಿ" ಎಂದರು ಟೀಚರ್.

ಹೇಳಿಕೊಡಲು ನನಗೇನು ಗೊತ್ತು? ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಚಾಪೆಯಷ್ಟು ದೊಡ್ಡ ಅ ಬರೆದೆ. ಅದರ ಗೆರೆಯ ಮೇಲೆ ನಾನೇ ನಡೆದು ತೋರಿಸಿದೆ. ಅಳುತ್ತಿದ್ದವನು ಮೂಗು ಒರೆಸಿಕೊಂಡು ಹಿಂದೆ ಬಂದ. ಆಮೇಲೆ ಎಲ್ಲರೂ ಬರಿಗಾಲಲ್ಲಿ, "ಅ" ಎಂದು ಕೂಗುತ್ತ ಗೆರೆಯ ಮೇಲೆ ತಿರುಗಿದರು. ಬಾಗಿಲು ನೋಡುವುದನ್ನೇ ನಾನು ಮರೆತೆ.

ಅಪ್ಪ ಯಾವಾಗ ಬಂದು ನಿಂತರೋ. ದೋಸೆಹಿಟ್ಟಿನ ಹುಳಿ ವಾಸನೆ ಬಂದಾಗಲೇ ನಾನು ತಿರುಗಿದ್ದು. ಸೀಮೆಸುಣ್ಣವನ್ನು ಬೆನ್ನ ಹಿಂದೆ ಅಡಗಿಸಿದೆ.

"ಇವಳನ್ನು ಊರಿಗೆ ಕಳಿಸುದೇ ಒಳ್ಳೇದಾ ಟೀಚರ್?" ಎಂದು ಅಪ್ಪ ಕೇಳಿದರು.

ಟೀಚರ್ ನೆಲ ನೋಡಿದರು, ನನ್ನನ್ನು ನೋಡಿದರು. "ದೂರು ಹೇಳ್ಲಿಕ್ಕೇ ನಿಮ್ಮನ್ನು ಕರೆಸಿದ್ದು. ಆದ್ರೆ ಇವಳನ್ನು ನಾನು ಸರಿಯಾಗಿ ನೋಡಿದ್ದೇ ಇವತ್ತು. ಇಲ್ಲೇ ಇರ್ಲಿ."

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಗೆರೆಯ ಮೇಲೆ ಕಾಲಿಟ್ಟರು. "ಅಂಕಲ್, ಹಾಗಲ್ಲ, ಇಲ್ಲಿಂದ ಶುರು" ಎಂದು ಆ ಅಳುಬುರುಕನೇ ಅವರ ಕೈಹಿಡಿದ. ಅಪ್ಪ ನಕ್ಕರು. ನನಗೆ ಅಳು ಬಂತು.

ಮುಂದೆ ನಾನೂ ದಹಿಸರ್‌ನಲ್ಲಿ ಟೀಚರ್ ಆದೆ. ಯಾವ ಮಗುವಿನ ಮೇಲೆ ದೂರು ಹೇಳಬೇಕೆನಿಸಿದರೂ ಇನ್ನೊಂದು ದಿನ ಅದನ್ನು ನೋಡುತ್ತಿದ್ದೆ. ಈ ಪಾಠ ನನಗೆ ಟ್ರೇನಿಂಗಿನಲ್ಲಿ ಸಿಕ್ಕಿದ್ದಲ್ಲ, ಆ ಟೀಚರ್ ಕೊಟ್ಟದ್ದು. ಅವರ ಋಣ ತೀರುವಂಥದ್ದಲ್ಲ.

ನಿಮ್ಮ ಕಾಂದಿವಲಿಯ ಶಾಲೆಯಲ್ಲಿ ಏಸಿ ಇದೆ, ಗೋಡೆಯಷ್ಟು ದೊಡ್ಡ ಸ್ಕ್ರೀನ್ ಇದೆ, ಕನ್ನಡವೊಂದಿಲ್ಲ. ದೂರು ಹೇಳಲು ಯಾರನ್ನೂ ಕರೆಸಬೇಕಾಗಿಲ್ಲ, ಅಮ್ಮನ ಮೊಬೈಲಿಗೆ ಮೆಸೇಜ್ ಬರುತ್ತದೆ. ನಿನ್ನೆ ಒಂದು ಬಂತಲ್ಲ ಪುಟ್ಟಾ, ನಿನ್ನ ಬಗ್ಗೆ? ಅಮ್ಮ ಸಿಟ್ಟಾಗಿದ್ದಾಳೆ, ಗೊತ್ತು. ನಾಳೆ ಶಾಲೆಗೆ ಅಜ್ಜಿಯಾದ ನಾನೇ ಬರುತ್ತೇನೆ. ಜಗಳಕ್ಕಲ್ಲ. ನಿನ್ನನ್ನು ಇನ್ನೊಂದು ದಿನ ನೋಡಿ ಎಂದು ನಿನ್ನ ಟೀಚರನ್ನು ಕೇಳಲು.